ಹನ್ನೆರಡನೆಯ ಚೀಟಿ

ತೊಂದರೆಗೆಲ್ಲ ಮೂಲ ಒಂದೂವರೆ ಅಕ್ಷರದ ಒಂದು ಇಂಗ್ಲಿಷ್ ಪದ: ಸೆಟ್. ನಿಘಂಟು ಕಚೇರಿಯ ಹಂಗಾಮಿ ಗುಮಾಸ್ತನ ಕೊರಳಿಗೆ ಅದು ಬಿದ್ದದ್ದು ಬೆಳಿಗ್ಗೆ ಒಂಬತ್ತಕ್ಕೆ. ಸಂಜೆ ಐದರೊಳಗೆ ಆ ಪದಕ್ಕೆ ಹನ್ನೆರಡು ಅರ್ಥ, ಹನ್ನೆರಡು ಚೀಟಿ ತಂದುಕೊಟ್ಟರೆ ಅವನ ಕೆಲಸ ಖಾಯಂ. ಇಲ್ಲವಾದರೆ ಮನೆಯ ದಾರಿ, ಏಕೆಂದರೆ ಆ ಜಾಗಕ್ಕೆ ಇನ್ನೊಂದು ಅರ್ಜಿಯೂ ಬಂದಿತ್ತು. ಏಳು ವರ್ಷ ಹಂಗಾಮಿಯಾಗಿಯೇ ತಲೆ ನರೆತವನಿಗೆ ಇದಕ್ಕಿಂತ ದೊಡ್ಡ ದಿನ ಬೇಕೆ?

ಅರ್ಥ ಹುಡುಕುವುದಕ್ಕೆ ಆ ಕಚೇರಿಯಲ್ಲಿ ಒಂದು ಕಟ್ಟುನಿಟ್ಟಿತ್ತು. ಪದದ ಅರ್ಥವನ್ನು ಯಾರನ್ನೂ ಕೇಳುವಂತಿಲ್ಲ. ಜನ ತಮ್ಮ ಪಾಡಿಗೆ ಮಾತಾಡುವಾಗ ಅದು ತಾನಾಗಿ ಬಾಯಿಂದ ಉದುರಬೇಕು. ಉದುರಿದ್ದನ್ನು ಹಾಗೇ ಬರೆದುಕೊಂಡು, ಆಡಿದವರ ಸಹಿ ಹಾಕಿಸಬೇಕು. "ಕೇಳಿದ ತಕ್ಷಣ ಜನ ಮೇಷ್ಟ್ರಾಗಿಬಿಡ್ತಾರೆ ಕಣಯ್ಯಾ, ಆಮೇಲೆ ಆಡೋದೆಲ್ಲ ಬುರುಡೆ," ಎನ್ನುತ್ತಿದ್ದರು ಪ್ರಧಾನ ಸಂಪಾದಕರು.

ಹಾಗಾಗಿ ಗುಮಾಸ್ತ ಕಚೇರಿಯ ಹಿಂದಿನ ಬೀದಿಗೆ ಹೋಗಿ, ಮನೆ ಕಟ್ಟುತ್ತಿದ್ದ ಕಡೆ ಪುಸ್ತಕ ಹಿಡಿದು ಸುಮ್ಮನೆ ನಿಂತ. ಸುಮ್ಮನೆ ನಿಂತವನನ್ನು ಯಾರು ನಂಬುತ್ತಾರೆ? ಗಾರೆ ಮೇಸ್ತ್ರಿ ಎರಡು ಸಲ ಕೆಮ್ಮಿದ, ಮೂರನೆಯ ಸಲ ಹತ್ತಿರ ಬಂದು ಯಾವ ಇಲಾಖೆ ಎಂದು ವಿಚಾರಿಸಿದ. ಕೊನೆಗೆ ಒಬ್ಬ ಆಳಿನ ಮೇಲೆ ರೇಗಿ, ಸ್ಲ್ಯಾಬ್ ಇನ್ನೂ ಸೆಟ್ ಆಗಿಲ್ಲ, ಕಾಲಿಡಬೇಡ ಎಂದ. ಗುಮಾಸ್ತ ಖುಷಿಯಿಂದ ಬರೆದುಕೊಂಡು ಸಹಿಗೆ ಪುಸ್ತಕ ಚಾಚಿದ. ಮೇಸ್ತ್ರಿ ಓದಿದ: ತಾರೀಖು, ಗಂಟೆ, ಸ್ಲ್ಯಾಬ್ ಸೆಟ್ ಆಗಿಲ್ಲ.

"ನಿಘಂಟಿಗೆ ಬೇಕಿತ್ತು," ಎಂದ ಗುಮಾಸ್ತ.

"ನಿಘಂಟಿಗೆ ನಮ್ ಸ್ಲ್ಯಾಬ್ ಯಾಕ್ರೀ ಬೇಕು?" ಎಂದ ಮೇಸ್ತ್ರಿ. ಸಹಿ ಹಾಕಲಿಲ್ಲ.

ಹಲ್ಲಿನ ಡಾಕ್ಟರರಲ್ಲೂ ಅದೇ ಕತೆ. ಯಾವ ಹಲ್ಲು ನೋವು ಎಂದು ಚೀಟಿ ಬರೆಯುವಾಕೆ ಕೇಳಿದರೆ, ಯಾವುದೂ ಇಲ್ಲ ಎಂದ. ನೋವಿಲ್ಲದೆ ಒಂದು ಗಂಟೆ ಕೂತವನನ್ನು ಆಕೆ ಕನ್ನಡಕದ ಮೇಲಿನಿಂದ ನೋಡುತ್ತಲೇ ಇದ್ದಳು. ಒಳಗಿನಿಂದ "ನಿಮ್ಮ ಸೆಟ್ ಬುಧವಾರ ಸಿಗುತ್ತೆ" ಎಂಬ ಮಾತು ಕೇಳಿದ್ದೇ ತಡ, ಇವನು ನುಗ್ಗಿದ. ಬೊಚ್ಚುಬಾಯಿಯ ಮುದುಕರೊಬ್ಬರು ಗಾಬರಿಯಾಗಿ ಡಾಕ್ಟರರ ಕೈ ಕಚ್ಚಲು ಹೋದರು. ಪುಣ್ಯಕ್ಕೆ ಕಚ್ಚುವಂಥದ್ದು ಬಾಯಲ್ಲಿ ಏನೂ ಇರಲಿಲ್ಲ.

ಅಷ್ಟರಲ್ಲಿ ಗುಮಾಸ್ತನಿಗೂ ಅನುಮಾನ ಹತ್ತಿತ್ತು. ಮೋಡವೇ ಇಲ್ಲದ ದಿನ ಕೊಡೆ ಹಿಡಿದ ಒಬ್ಬ ಮನುಷ್ಯ ಸ್ಲ್ಯಾಬಿನ ಹತ್ತಿರ ಇದ್ದ. ಹಲ್ಲಿನ ಡಾಕ್ಟರರ ಬೆಂಚಿನಲ್ಲೂ ಇದ್ದ. ನಾಟಕದ ಮನೆಯಲ್ಲಿ ಬಡಗಿ ಏನೋ ಹೇಳಿದಾಗ ಗುಮಾಸ್ತ ಬಾಗಿಲ ಕಡೆ ನೋಡುತ್ತಿದ್ದ, ಮಾತು ಕೈತಪ್ಪಿತು. ಕಟಿಂಗ್ ಅಂಗಡಿಗೆ ಹೊಕ್ಕರೆ ಕನ್ನಡಿಯಲ್ಲಿ ಅದೇ ಕೊಡೆ. ಪೊಲೀಸಿನವನೇ ಇರಬೇಕು ಎಂದುಕೊಂಡ, ಬೆವರಿದ. ನಾಲ್ಕು ಗಂಟೆಗೆ ಅವನ ಬಳಿ ಎರಡು ಮಾತುಗಳಿದ್ದವು, ಒಂದು ಸಹಿಯೂ ಇರಲಿಲ್ಲ.

ಹೊರಗೆ ಬರುವಷ್ಟರಲ್ಲಿ ಮೇಸ್ತ್ರಿ, ಹಲ್ಲಿನ ಡಾಕ್ಟರರ ಕಡೆಯಾಕೆ, ಬಡಗಿ, ಬೀದಿಯ ಇನ್ನಷ್ಟು ಮಂದಿ ಅಂಗಡಿಯ ಬಾಗಿಲಿಗೆ ಅಡ್ಡ ನಿಂತಿದ್ದರು. ಪುಸ್ತಕ ಮೇಸ್ತ್ರಿಯ ಕಂಕುಳಿಗೆ ಹೋಯಿತು, ಪೆನ್ನು ಕಟಿಂಗ್ ಅಂಗಡಿಯವನ ಕೈಗೆ.

"ಇವ್ನನ್ನ ಯಾರೋ ಸೆಟ್ ಮಾಡಿ ಕಳ್ಸಿದಾರೆ," ಎಂದ ಮೇಸ್ತ್ರಿ.

ಕೂದಲು ಸೆಟ್ ಮಾಡಿಸಲು ಬಂದವನು ಕುರ್ಚಿಯಲ್ಲೇ ಕೂರಲಿಲ್ಲವೆಂದು ಅಂಗಡಿಯವನು ದೂರಿದ. ಎದುರು ಮನೆಯ ಅಮ್ಮ, ತನ್ನ ಮಗಳಿಗೆ ಮೊನ್ನೆಯಷ್ಟೇ ಗಂಡು ಸೆಟ್ ಆಗಿದೆ, ಗಂಡಿನ ಕಡೆಯವರೇ ವಿಚಾರಿಸಲು ಅಟ್ಟಿರಬೇಕು ಎಂದಳು. ಅರ್ಧ ಗಡ್ಡ ಹೆರೆಸಿಕೊಂಡಿದ್ದ ಲೆಕ್ಕದ ಮೇಷ್ಟ್ರು ಎದ್ದು ಬಂದು, ಕಳ್ಳರದು ಒಂದು ಸೆಟ್, ಪತ್ತೇದಾರರದು ಒಂದು ಸೆಟ್, ಈತ ಎರಡರಲ್ಲೂ ಇರಬಹುದು ಎಂದು ತೀರ್ಪು ಕೊಟ್ಟರು. ಮಾತುಗಳು ಉದುರುತ್ತಿದ್ದವು, ಒಂದೊಂದೂ ಹೊಸ ಅರ್ಥ. ಬರೆದುಕೊಳ್ಳಲು ಏನೂ ಇಲ್ಲದ ಗುಮಾಸ್ತ ಬೆರಳು ಮಡಿಚುತ್ತ ಬಾಯಿಪಾಠ ಮಾಡತೊಡಗಿದ. ಅದನ್ನು ನೋಡಿ ಜನರಿಗೆ ಇನ್ನಷ್ಟು ಅನುಮಾನ ಬಂತು.

ಆಗ ಕೊಡೆಯವನು ಮುಂದೆ ಬಂದು, ಬಾಯಿಮಾತು ಸಾಲದು, ಅವರವರು ಆಡಿದ್ದನ್ನು ಬರೆದುಕೊಂಡಿದ್ದೇನೆ, ಸಹಿ ಹಾಕಿ ಎಂದ. ದೂರು ಎಂದುಕೊಂಡು ಎಲ್ಲರೂ ಸಾಲಾಗಿ ಸಹಿ ಹಾಕಿದರು. ಮೇಸ್ತ್ರಿಯಂತೂ ಬೆಳಗಿನದಕ್ಕೂ ಸೇರಿಸಿ ಎರಡು ಸಲ ಹಾಕಿದ.

ಗುಮಾಸ್ತನಿಗೆ ಅಳು ಬಂತು. "ಅಣ್ಣಾ, ನಾನು ಕಳ್ಳನಲ್ಲ. ಇವತ್ತು ಹನ್ನೆರಡು ಚೀಟಿ ಕೊಟ್ರೆ ನನ್ ಲೈಫ್ ಸೆಟ್. ಹೊಟ್ಟೆ ಮೇಲೆ ಹೊಡೀಬೇಡಿ," ಎಂದ. ಕೊಡೆಯವನು ಅದನ್ನೂ ಬರೆದುಕೊಂಡ. ಆಮೇಲೆ, ಇವನನ್ನು ನಾನು ನೋಡಿಕೊಳ್ಳುತ್ತೇನೆ ಎಂದು ಜನರಿಗೆ ಹೇಳಿ, ತೋಳು ಹಿಡಿದು ನಡೆಸಿಕೊಂಡು ಹೊರಟ.

ಠಾಣೆ ಬಲಕ್ಕಿತ್ತು. ಕೊಡೆಯವನು ಎಡಕ್ಕೆ ತಿರುಗಿದ. ಗುಮಾಸ್ತನಿಗೆ ಏಳು ವರ್ಷದ ಪರಿಚಯವಿದ್ದ ಮೆಟ್ಟಿಲುಗಳನ್ನೇ ಹತ್ತಿದ, ನೇರ ಪ್ರಧಾನ ಸಂಪಾದಕರ ಕೋಣೆಗೆ ನಡೆದ, ಐದಕ್ಕೆ ಐದು ನಿಮಿಷ ಇರುವಾಗ ಮೇಜಿನ ಮೇಲೆ ಚೀಟಿಗಳನ್ನು ಜೋಡಿಸಿಟ್ಟ.

"ಯಾರನ್ನೂ ಕೇಳಲಿಲ್ಲ ತಾನೆ?" ಎಂದರು ಸಂಪಾದಕರು.

"ಇಲ್ಲ ಸರ್. ಜಗಳದಲ್ಲಿ ಅವರಾಗೇ ಆಡಿದ್ದು," ಎಂದ ಇನ್ನೊಂದು ಅರ್ಜಿಯ ಮನುಷ್ಯ.

ಸಂಪಾದಕರು ಒಂದೊಂದಾಗಿ ಓದಿ ತಲೆದೂಗಿದರು. ಹನ್ನೊಂದು ಸರಿಯಿದ್ದವು. ಹನ್ನೆರಡನೆಯದರಲ್ಲಿ "ಲೈಫ್ ಸೆಟ್" ಎಂದಿತ್ತು, ಸಹಿ ಇರಲಿಲ್ಲ. ಅದಿಲ್ಲದೆ ಲೆಕ್ಕ ತುಂಬದು ಎಂದರು. ಕೊಡೆಯವನು ವಿನಯದಿಂದ ಗುಮಾಸ್ತನ ಕಡೆ ಕೈ ತೋರಿಸಿದ.

"ಈ ಮಾತು ನೀನು ಆಡಿದ್ದು ನಿಜವೇನಯ್ಯಾ?"

ಇಲ್ಲ ಎನ್ನಬಹುದಿತ್ತು. ಆದರೆ ಏಳು ವರ್ಷದಲ್ಲಿ ಅವನು ಒಂದು ಚೀಟಿಯನ್ನೂ ಸುಳ್ಳು ಮಾಡಿದವನಲ್ಲ. ಹೌದೆಂದು ತಲೆಯಾಡಿಸಿದ. ಅವನ ಪೆನ್ನು ಕಟಿಂಗ್ ಅಂಗಡಿಯಲ್ಲೇ ಉಳಿದಿದ್ದರಿಂದ ಕೊಡೆಯವನೇ ತನ್ನದನ್ನು ಕೊಟ್ಟ. ಗುಮಾಸ್ತ ಸಹಿ ಹಾಕಿ, ಕೆಳಗೆ ಅಭ್ಯಾಸದಂತೆ 'ಹಂಗಾಮಿ ಗುಮಾಸ್ತ' ಎಂದು ಬರೆದ.

ನಿಘಂಟಿನಲ್ಲಿ ತಪ್ಪಿರಬಾರದೆಂದು ಸಂಪಾದಕರು ಚೀಟಿಯನ್ನು ತಮ್ಮ ಕಡೆಗೆ ಎಳೆದುಕೊಂಡು, 'ಹಂಗಾಮಿ'ಗೆ ಮೊದಲು 'ಮಾಜಿ' ಎಂದು ಸೇರಿಸಿದರು.