ವೂಫರ್ ಸುಟ್ಟದ ನೋಡ್ರಿ

ಸೇಡಂ ಬಸ್ ಸ್ಟ್ಯಾಂಡಿನ ಹಿಂದೆ ನನ್ನದೊಂದು ಸಣ್ಣ ಅಂಗಡಿ. ಕಾರಿನ ಟೇಪು, ಸ್ಪೀಕರು, ಡಿಕ್ಕಿಯೊಳಗೆ ಡಬ್ಬಿಯಲ್ಲಿ ಕೂತು ಧಬ್ ಧಬ್ ಎನ್ನುವ ವೂಫರು, ಇವನ್ನು ರಿಪೇರಿ ಮಾಡುವುದು ನನ್ನ ಕಸುಬು. ಬರುವವರೆಲ್ಲ ಹೇಳುವುದು ಒಂದೇ ಮಾತು: "ಉಸ್ತಾದ, ವೂಫರ್ ಸುಟ್ಟದ ನೋಡ್ರಿ." ಆಮೇಲೆ ಏನಾಗುತ್ತದೆ ಅನ್ನುವುದನ್ನು ಮಾತ್ರ ಇಷ್ಟು ವರ್ಷವಾದರೂ ಮೊದಲೇ ಹೇಳಲು ನನಗೆ ಆಗಿಲ್ಲ.

ಫೋನಿನ ಮೇಲೆ ತಪಾಸಣೆ

ಕುಂಚಾವರಂ ಕಡೆಯ ಗುತ್ತಿಗೆದಾರರೊಬ್ಬರು ಫೋನ್ ಮಾಡಿದರು. ಸೇಡಂ ತನಕ ಬರಲು ಅವರಿಗೆ ಬೇಸರ. "ಫೋನಿನ ಮ್ಯಾಲೇ ನೋಡಿ ಹೇಳ್ರಿ" ಅಂದರು.

ವೂಫರಿನ ಮುಂದೆ ಬೋಗುಣಿಯಂಥ ಕಾಗದದ ಕೋನ್ ಇರುತ್ತದೆ. ಮೆಲ್ಲಗೆ ಒತ್ತಿದಾಗ ಸದ್ದಿಲ್ಲದೆ ಒಳಗೆ ಹೋಗಿ ಬಂದರೆ ಅದರ ಹಿಂದಿನ ತಂತಿಯ ಸುರುಳಿ, ಅಂದರೆ ಕಾಯಿಲ್, ಚೆನ್ನಾಗಿದೆ ಅಂತ ಲೆಕ್ಕ. ಗರಗರ ಉಜ್ಜಿದರೆ ಸುಟ್ಟಿದೆ.

"ನಾಕೂ ಬೆರಳು ಇಟ್ಟು ಒತ್ರಿ."

"ಒತ್ತಿದೆ."

"ಗರಗರ ಅಂತೇನ್ರಿ?"

"ಇಲ್ರಿ, ಟಪ್ ಅಂತು."

"ಟಪ್ ಅಂದ್ರ?"

"ಅಯ್ಯೋ ದೇವುಡಾ, ಬೆರಳು ಒಳಗ ಹೋದ್ವು!"

ಆಮೇಲೆ ಅವರು ಭಾಳ ಆಸೆಯಿಂದ ಕೇಳಿದರು, "ಈಗ ಏನ್ ಗೊತ್ತಾತು, ಉಸ್ತಾದ?"

"ನೀವು ಸೇಡಂಕ ಬರ್ಲೇಬೇಕು ಅಂತ ಗೊತ್ತಾತ್ರಿ."

ಹೊತ್ತಿದ್ದು ಯಾವುದು

ವಾಡಿಯ ಗಂಡ ಹೆಂಡತಿ ಚಿಂಚೋಳಿಗೆ, ಆಕೆಯ ತವರಿಗೆ ಹೊರಟಿದ್ದರು. ದಾರಿಯಲ್ಲಿ ವೂಫರ್ ಬಂದಾಯಿತೆಂದು ನನ್ನ ಅಂಗಡಿಯ ಮುಂದೆ ನಿಂತರು. ಇಬ್ಬರ ನಡುವೆ ಮಾತಿರಲಿಲ್ಲ. ಕಾರಣ ಇಷ್ಟೇ: ಚಿತ್ತಾಪುರ ದಾಟಿದಾಗಿನಿಂದ ಕಾರಿನಲ್ಲಿ ಹೊತ್ತಿದ ವಾಸನೆ. ಹಿಂದಿನ ಸೀಟಿನಲ್ಲಿ ಆಕೆ ನಸುಕಿನಲ್ಲೆದ್ದು ಮಾಡಿದ ಹೋಳಿಗೆಯ ಡಬ್ಬಿ.

"ಹೋಳಿಗಿ ಹೊತ್ತಿಸಿಕೊಂಡು ತವರಿಗೆ ಹೊಂಟಾಳ್ರಿ" ಎಂದು ಆತ ನನಗೂ ಹೇಳಿದ. ಆಕೆ ಸ್ಟೂಲಿನ ಮೇಲೆ ಮುಖ ತಿರುಗಿಸಿ ಕೂತಳು.

ಮೀಟರ್ ಹಚ್ಚಿ ನೋಡಿದೆ. ಕಾಯಿಲ್ ಸುಟ್ಟು ತುಂಡಾಗಿತ್ತು. ಸ್ಕ್ರೂ ಬಿಚ್ಚಿ ವೂಫರ್ ಎತ್ತಿದ್ದೇ ತಡ, ಸುಟ್ಟ ವಾಸನೆ ಅಂಗಡಿ ತುಂಬ ಹಬ್ಬಿತು. ಆಕೆ ಎದ್ದು ಬಂದಳು. ಅದನ್ನು ನನ್ನ ಕೈಯಿಂದ ಇಸಿದುಕೊಂಡು ಗಂಡನ ಮೂಗಿಗೇ ಹಿಡಿದಳು.

"ಮೂಸ್ರಿ. ಇದೇನ್ರಿ ನಿಮ್ಮ ಹೋಳಿಗಿ?"

ಆತ ತಲೆ ಕೆರೆದುಕೊಂಡ. ಆಕೆ ಡಬ್ಬಿ ತೆಗೆದು ನನ್ನ ಕೈಗೆ ಎರಡು ಹೋಳಿಗೆ ಇಟ್ಟಳು. ಬಂಗಾರದ ಬಣ್ಣದವು, ಒಂದು ಕರಿ ಚುಕ್ಕಿ ಇಲ್ಲ.

"ಮತ್ತ ನನಗ?" ಅಂದ ಆತ ಮೆಲ್ಲಗೆ.

ಆಕೆ ಸುಟ್ಟ ವೂಫರ್ ತೋರಿಸಿದಳು. "ನಿಮ್ದು ಅಲ್ಲೇ ಅದಲ್ರಿ, ತಿನ್ರಿ."

ಪೂರ್ತಿ ಓದಬೇಕು

ಚಿತ್ತಾಪುರದ ಶಾಲೆಯ ಅಕ್ಕೋರೊಬ್ಬರ ಕಾರು. ವೂಫರ್ ಮಾತಾಡವಲ್ಲದು. ಅವರು ಏನೋ ಹೇಳಲು ಬಾಯಿ ತೆರೆದರು. "ನೀವು ಕುಂದ್ರಿ ಅಕ್ಕೋರ, ನಾ ನೋಡ್ತೀನಿ" ಎಂದೆ. ಡಿಕ್ಕಿ ಬಿಚ್ಚಿದೆ, ವೈರು ಎಳೆದೆ, ಫ್ಯೂಸ್ ನೋಡಿದೆ. ಎಲ್ಲಾ ಛಲೋ ಇದೆ. ಬೆವರು ಒರೆಸಿಕೊಳ್ಳುತ್ತ ನಿಂತಾಗ ಅವರು ಮುಂದಿನ ಸೀಟಿನಿಂದಲೇ ಟೇಪಿನಲ್ಲಿ ವೂಫರಿನ ಸದ್ದು ಏರಿಸುವ ಗುಂಡಿಯನ್ನು ತಿರುಗಿಸಿದರು. ಧಬ್ ಎಂದಿತು.

"ಇದು ಸೊನ್ನಿಗಿ ಬಂದಿತ್ತು. ಅದನ್ನ ಹೇಳ್ಬೇಕಂದಿದ್ದೆ" ಎಂದರು. "ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೀಲಾಕ ಕುಂತ್ರ ಹಿಂಗ ಆಗ್ತದಪಾ."

ಕಟಕಟ

ಆಡಕಿಯ ನೆಂಟರಿಗೆ ಲಗ್ನಪತ್ರ ಕೊಡಲು ಶಹಾಬಾದದಿಂದ ಒಂದು ಕುಟುಂಬ ಬಂದಿತ್ತು. ಮಗ, ಸೊಸೆ, ಮತ್ತು ಮಗನ ತಾಯಿ, ಮನೆಯ ಹಿರಿಯರಾದ ಆಯಿ. ಲಗ್ನ ಆಯಿಯ ಮೊಮ್ಮಗಳದು. ಆದರೆ ಆಯಿ ಲಗ್ನಕ್ಕೆ ಬರುವುದಿಲ್ಲವೆಂದು ಹಟ ಹಿಡಿದಿದ್ದರು. ಅವರ ಕಟ್ಟಿಸಿದ ಹಲ್ಲಿನ ಸೆಟ್ ಕಳೆದು ಎಂಟು ದಿನವಾಗಿತ್ತು. ಸೊಸೆಯೇ ಕಸದ ಜೊತೆ ಚೆಲ್ಲಿದ್ದಾಳೆ ಎಂದು ಅವರ ದೂರು. ಆ ಸೊಸೆ ಎಂಟು ದಿನದಿಂದ ಹಾಲಿನಲ್ಲಿ ರೊಟ್ಟಿ ನೆನೆಸಿ ಕೊಡುತ್ತಿದ್ದಳು, ಬೈಗುಳ ತಿನ್ನುತ್ತಿದ್ದಳು.

"ಅದು ಇರ್ಲಿ ಉಸ್ತಾದ" ಎಂದ ಮಗ, "ವೂಫರ್ ಕಟಕಟ ಅನ್ಲಾಕತ್ತದ. ಸುಟ್ಟದ ಕಾಣ್ತದ."

ಕೋನ್ ಒತ್ತಿದೆ, ಸದ್ದಿಲ್ಲ. ತಂತಿಗೆ ಸಣ್ಣ ಬ್ಯಾಟರಿ ಮುಟ್ಟಿಸಿದೆ, ಟಕ್ಕನೆ ಜಿಗಿಯಿತು. ಕಾಯಿಲ್ ಗಟ್ಟಿಯಾಗೇ ಇದೆ. ಹಾಡು ಹಚ್ಚಿದರೆ ಮತ್ತೆ ಕಟಕಟ. ಡಬ್ಬಿಗೆ ಗಾಳಿಯಾಡಲು ಒಂದು ದುಂಡನೆಯ ತೂತು ಇರುತ್ತದೆ. ಇವರ ಡಬ್ಬಿ ಇದ್ದದ್ದು ಹಿಂದಿನ ಸೀಟಿನ ಪಕ್ಕದಲ್ಲೇ, ಅದರ ತೂತಿನೊಳಗೆ ಕೈ ಹಾಕಿದೆ. ಒಂದು ಕರವಸ್ತ್ರದ ಗಂಟು ಬಂತು. ಬಿಚ್ಚಿದೆ.

ಮೇಲಿನ ಸಾಲು, ಕೆಳಗಿನ ಸಾಲು, ಎರಡೂ ಇದ್ದವು.

ಆಯಿ ಹತ್ತಿರ ಬಂದು ಬಗ್ಗಿ ನೋಡಿದರು. "ಹೋದ ವಾರ ಕಾರಿನ್ಯಾಗ ಹಿಂದ ಕುಂತಾಗ ವಸಡು ನೋಯ್ಲಾಕತ್ತಿತ್ತು" ಎಂದರು. "ತಗದು ಇಟ್ಟಿದ್ದೆ. ನಮ್ಮ ಮನಿ ಗ್ವಾಡ್ಯಾಗಿನ ಗೂಡಿನಂಗ ಕಾಣ್ತಪಾ ಆ ತೂತು."

ನಳದ ಕಡೆಗೆ ಹೋಗಿ, ಹಲ್ಲು ತೊಳೆದು ಕೂಡಿಸಿಕೊಂಡು ಬಂದರು. ಎರಡು ಸಲ ಕಚ್ಚಿ ನೋಡಿದರು. ನೆಟ್ಟಗೆ ಸೊಸೆಯ ಮುಂದೆ ನಿಂತರು. ಸೊಸೆಯ ಕಣ್ಣು ತುಂಬಿ ಬಂದಿತ್ತು. ಈಗ ತಪ್ಪಾಯಿತು ಅನ್ನುತ್ತಾರೆ ಎಂದು ನಾವೆಲ್ಲ ಕಾದೆವು.

"ಎಂಟು ದಿನ ಆತು" ಎಂದರು ಆಯಿ, ಒಂದೊಂದು ಅಕ್ಷರವೂ ಸ್ಪಷ್ಟವಾಗಿ. "ಇದರೊಳಗ ಒಂದು ಸಲನೂ ಯಾಕ ಹುಡುಕಲಿಲ್ಲ ನೀ?"

ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ಅಣ್ಣಾ, ಆ ಹಲ್ಲು ಎಲ್ಲಿದ್ವೋ ಅಲ್ಲೇ ವಾಪಸ್ ಇಟ್ಟುಬಿಡ್ರಿ."

ಎಲ್ಲರಿಗಿಂತ ಜೋರಾಗಿ ನಕ್ಕವರು ಆಯಿಯೇ. ಹಲ್ಲು ಜಾರಿ ಬೀಳದಂತೆ ಒಂದು ಕೈ ಬಾಯಿಗೆ ಹಿಡಿದು, ಇನ್ನೊಂದು ಕೈಯಿಂದ ಸೊಸೆಯ ಭುಜ ಹಿಡಿದುಕೊಂಡು ನಕ್ಕರು.