ಹೆಗ್ಗುನ್ನಿ ಒಪ್ಪಿದ ಸಂಬಂಧ

ಹೆಗ್ಗುನ್ನಿ ಸಾಕಿದ ಮನ್ಯಾಗ ಗುಟ್ಟು ಅನ್ನೂದು ಒಂದು ವಾರ ಉಳದಿದ್ದು ನಾ ಕಂಡಿಲ್ಲ. ಎಮ್ಮಿಯಷ್ಟು ಎತ್ತರದ ನಾಯಿ ಅದು, ಬೆನ್ನ ಮ್ಯಾಲ ಇಬ್ಬರು ಆರಾಮ ಕುಂದರಬಹುದು. ನಮ್ಮ ಸವಣೂರಾಗ ಮೋಟಾರ್ ಸೈಕಲ್ ಇಲ್ಲದ ಓಣಿ ಇರಬಹುದು, ಹೆಗ್ಗುನ್ನಿ ಇಲ್ಲದ ಓಣಿ ಇಲ್ಲ. ಮೋಟಾರಿಗೆ ಮೂಗಿಲ್ಲ, ನಾಯಿಗೆ ಐತಿ. ಮರ್ಯಾದಿ ಹೋಗಾಕ ಅಷ್ಟ ಸಾಕು. ನಮ್ಮ ಎದುರುಮನಿ ಸಾವಕಾರರ ಮಗಳಿಗೆ ವರ ಹುಡುಕೂ ಹೊತ್ತಿನ್ಯಾಗ ಇದ ಆತು.

ಬರೇ ರೊಟ್ಟಿ, ಹಾಲು

ಸಾವಕಾರರದು ವೀಳ್ಯದೆಲಿ ತ್ವಾಟ. ಆ ಮನ್ಯಾಗ ತತ್ತಿ ಅನ್ನೋ ಮಾತನ್ನೂ ಮೆಲ್ಲಕ ಆಡತಾರ. ತಮ್ಮ ಹೆಗ್ಗುನ್ನಿನೂ ಹಂಗ, ಬರೇ ಜೋಳದ ರೊಟ್ಟಿ, ಹಾಲು ಅಂತ ಸಾವಕಾರ್ತಿ ಓಣಿ ತುಂಬ ಹೇಳಿಕೊಂಡು ತಿರಗತಿದ್ಲು. ದಿನಕ್ಕ ಎಷ್ಟ ರೊಟ್ಟಿ ಅಂತ ಕೇಳಿದೆ. ಎಂಟು ಅಂದ್ಲು.

ನಾಯಿ ನೋಡಿದ್ರ ಎಣ್ಣಿ ಹಚ್ಚಿದಂಗ ಮಿಂಚಾಕತ್ತಿತ್ತು. ದಿನಾ ಸಂಜಿಕ ಸಾವಕಾರರು ತ್ವಾಟಕ್ಕ ಹೋಗಿ ಬರ್ತೇನಿ ಅಂತ ಅದನ್ನ ಹತ್ತತಿದ್ರು. ತ್ವಾಟ ಇರೂದು ಊರ ಮೂಡಲಕ್ಕ. ನಾಯಿ ಹೋಗೂದು ಪಡುವಲಕ್ಕ, ಶಿಗ್ಗಾಂವಿ ರಸ್ತಾ ಹಿಡದು. ತಿರುಗಿ ಬರೂವಾಗ ಸಾವಕಾರರ ಬಾಯಾಗ ಎರಡೆರಡ ಎಲಿ, ನಾಕ ಲವಂಗ. ನಾಯಿ ಮೂತಿ ನೆಕ್ಕೊಂತ ಬರತಿತ್ತು.

"ನಿಮ್ಮ ಹಾಲು ಭಾಳ ಗಟ್ಟಿ ಇರಬೇಕು ಬಿಡವಾ" ಅಂದೆ ನಾನು.

ಹಿರೇಕೆರೂರಿನ ವರ

ಮೊದಲ ಸಂಬಂಧ ಹಿರೇಕೆರೂರಿಂದು. ವರ ತನ್ನ ಹೆಗ್ಗುನ್ನಿ ಮ್ಯಾಲ ಬರತಾನ ಅಂತ ಸುದ್ದಿ ಬಂತು. ಆರತಿ ತಾಟ ಹಿಡಕೊಂಡು ಎಲ್ಲಾರೂ ಬಾಗಲಾಗ ನಿಂತಿದ್ವಿ. ಓಣಿ ತುದಿಗೆ ವರ ಕಂಡ. ಅವನ ಮುಂದ ಹುಬ್ಬಳ್ಳಿ ಬಸ್ಸೂ ಇತ್ತು. ಹೆಗ್ಗುನ್ನಿ ಎಷ್ಟ ದೊಡ್ಡದಾದ್ರೂ ನಾಯಿ ನೋಡ್ರಿ, ಗಾಲಿ ತಿರುಗೂದು ಕಂಡ್ರ ಅದಕ್ಕ ತಡಿಯೂದಿಲ್ಲ. ವರ ನಮ್ಮ ಮುಂದ ಹಾದು ಹೋದ. ಸಂಸ್ಕಾರದ ಹುಡುಗ, ಹೋಗೂವಾಗ ಕೈ ಮುಗದ.

ಎರಡು ತಾಸು ಬಿಟ್ಟು ಎದುರ ದಿಕ್ಕಿನಿಂದ ಬಂದ. ಆಗ ಹೊಳ್ಳಿ ಬರೂ ಬಸ್ಸಿತ್ತು. ಮತ್ತೊಮ್ಮೆ ಕೈ ಮುಗದು ಹಿರೇಕೆರೂರ ಕಡೆ ಹೋದ.

ಸಾವಕಾರ್ತಿ ಆರತಿ ಆರಿಸಿ, "ಹುಡುಗನ್ನ ಎರಡು ಸರ್ತಿ ನೋಡಿದಂಗಾತು" ಅಂದ್ಲು.

ಹಾನಗಲ್ಲಿನವರು

ಇದು ಸಣ್ಣದು. ಹಾನಗಲ್ಲಿನವರು ಬಂದ್ರು, ಅವರು ಇಳಿದಾಕ್ಷಣ ಅವರ ನಾಯಿ ಸಾವಕಾರರ ತಲಬಾಗಲಕ್ಕ ಕಾಲೆತ್ತಿತು. ಎಮ್ಮಿಯಷ್ಟ ನಾಯಿ ಕಾಲೆತ್ತೂದು ಅಂದ್ರ ನೀವ ಲೆಕ್ಕ ಹಾಕ್ರಿ. ಚಪ್ಪಲಿ ಎಲ್ಲಾ ತೇಲಿದ್ವು. ಅವತ್ತಿಂದ ಸಾವಕಾರರ ನಾಯಿ ಇದು ಇನ್ನ ಮಂದಿ ಮನಿ ಅಂತ ತಿಳಕೊಂಡು ಎಂಟು ದಿವಸ ಒಳಗ ಬರಲಿಲ್ಲ.

ಸಂಬಂಧ ಯಾಕ ಬ್ಯಾಡ ಅಂದ್ರಿ ಅಂತ ಕೇಳಿದ್ದಕ್ಕ ಸಾವಕಾರರು, "ಮನಿ ಅವರದಾತು, ಮಗಳನ್ನರ ಉಳಿಸಿಕೊಂತೇನಿ" ಅಂದ್ರು.

ನನ್ನ ಬಾಯಿಗೆ ಬಂದ ಪರೀಕ್ಷಾ

ಮೂರನೇದ್ದು ಶಿಗ್ಗಾಂವಿ ತಾಲೂಕಿನ ದುಂಡಸಿದು. ಹುಡುಗ ಹುಡುಗಿ ಫೋನಿನ್ಯಾಗ ಮಾತಾಡಿ ಆಗಲೇ ಒಪ್ಪಿಬಿಟ್ಟಿದ್ರು. ಹುಡುಗಿ ನನ್ನ ಹಂತ್ಯಾಕ ಬಂದು, "ಅಜ್ಜಿ, ಮಂದಿ ನಿನ್ನ ಕೇಳಾಕ ಬರತಾರ. ಇದೊಂದ ಸರ್ತಿ ಬಾಯಿ ಬಿಗಿ ಹಿಡಿ. ಇದು ತಪ್ಪಿದ್ರ ನನಗ ಬ್ಯಾರೆ ಯಾರೂ ಬ್ಯಾಡ" ಅಂದ್ಲು. ಕಣ್ಣಾಗ ನೀರಿತ್ತು.

ಮರುದಿನ ಹುಡುಗನ ತಂದಿ ಬಂದು ನನ್ನ ಕಟ್ಟಿ ಮ್ಯಾಲ ಕುಂತ್ರು. ಹಣಿ ತುಂಬ ವಿಭೂತಿ, ದನಿ ಸಣ್ಣದು. ಮನಿ ಕೇಳಲಿಲ್ಲ, ತ್ವಾಟ ಕೇಳಲಿಲ್ಲ.

"ಅವರ ನಾಯಿ ಮಾಂಸ ಮುಟ್ಟತೈತೇನ್ರಿ?"

ಹೊಟ್ಟ್ಯಾಗಿನ ಮಾತು ನಾಲಿಗಿ ತುದಿ ತನಕ ಬಂದು ಕುಣೀತು. ಅರವತ್ತು ವರ್ಷ ಓಣಿ ಸುದ್ದಿ ಮಾಡಿದ ನಾಲಿಗಿ ಅದು. ಹುಡುಗಿ ಮಾರಿ ನೆನಪಾತು. ನುಂಗಿದೆ.

"ಮುಟ್ಟೂದೇನ್ರಿ, ವಾಸನಿ ಬಂದ್ರ ಮಾರಿ ತಿರುವತೈತಿ" ಅಂದೆ. ಅವತ್ತ ರಾತ್ರಿ ನನಗ ಊಟ ಸೇರಲಿಲ್ಲ. ಸುಳ್ಳು ಹೇಳಿದ್ದಕ್ಕಲ್ಲ, ಖರೆ ಸುದ್ದಿ ಒಳಗ ಉಳದಿದ್ದಕ್ಕ.

ನಾಯಿ ಬದಲಿ

ನಮ್ಮ ಕಡೆ ಸಂಬಂಧ ಗಟ್ಟಿ ಆಗೂ ಮುಂಚೆ ಬೀಗರು ನಾಯಿ ಬದಲಿ ಮಾಡಬೇಕು. ಅವರ ನಾಯಿ ಇವರು, ಇವರ ನಾಯಿ ಅವರು ಹತ್ತಿ, ಹಗ್ಗ ಸಡ್ಲ ಬಿಟ್ಟು ಕುಂದರಬೇಕು. ಎರಡೂ ಒಂದ ದಾರಿ ಹಿಡದ್ರ ತಾಂಬೂಲ, ಬ್ಯಾರೆ ಬ್ಯಾರೆ ಹೋದ್ರ ಚಾ ಕುಡದು ಎದ್ದು ಹೋಗೂದು. ಸುಳ್ಳ ಹೇಳಬಾರದಂತ ಹಿಂದ ಒಬ್ಬ ಮುದುಕಿ ಸಾಕ್ಷಿಗೆ ಇರಬೇಕು. ಆ ಮುದುಕಿ ನಾನು. ದುಂಡಸಿ ನಾಯಿ ಮ್ಯಾಲ ಸಾವಕಾರರ ಸೊಂಟ ಹಿಡಕೊಂಡು ಕುಂತೆ. ಹುಡುಗಿ ಕಿಡಕ್ಯಾಗ ನಿಂತಿದ್ಲು.

ಹಗ್ಗ ಬಿಟ್ರು. ಎರಡೂ ನಾಯಿ ಒಮ್ಮೆ ಗಾಳಿ ಮೂಸಿ ಪಡುವಲಕ್ಕ ತಿರುಗಿದ್ವು. ಒಂದ ದಾರಿ ಹಿಡದಾವಂತ ನನಗ ಖುಷಿ. ಸಾವಕಾರರ ಬೆನ್ನು ಯಾಕೋ ಬೆವರಾಕತ್ತಿತ್ತು. ಬಾಜೂಕ ನೋಡಿದ್ರ ದುಂಡಸಿಯವರ ಹಣಿ ವಿಭೂತಿನೂ ತೊಯ್ದಿತ್ತು. ಇಬ್ಬರೂ ಹಗ್ಗ ಜಗ್ಗಿದ್ರು. ಯಾರ ಕೇಳಬೇಕು? ನಾಯಿ ಓಡಿ ಹೋಗಿ ನಿಂತದ್ದು ಶಿಗ್ಗಾಂವಿ ರಸ್ತಾದ ಬಲಕ್ಕಿನ ಮಟನ್ ಖಾನಾವಳಿ ಮುಂದ. ಎರಡೂ ಬಾಲ ಅಲ್ಲಾಡಿಸಿಕೊಂತ ಹಿತ್ತಲಕ್ಕ ನಡದ್ವು, ನಮ್ಮನ್ನ ಹೊತ್ತಕೊಂಡ.

ಖಾನಾವಳಿ ಮಾಲಕ ಕೈ ಒರಸಿಕೊಂತ ಹೊರಗ ಬಂದ. ನಾಯಿ ನೋಡಿದ, ಮ್ಯಾಲ ಕುಂತವರನ್ನ ನೋಡಿದ.

"ನಾಯಿ ಬದಲಿ ಮಾಡೀರಿ, ಬೀಗರಾದ್ರಿ ಅನ್ರಿ. ಹಂಗಾರ ಇಷ್ಟ ವರ್ಷ ನಿಮ್ಮಿಬ್ಬರ ನಡಬರಕ ಹಾಕಿದ್ದ ಪರದೆ ಇನ್ನ ತಗದ ಬಿಡ್ಲೇನ್ರಿ?"

ಇಬ್ಬರೂ ಹೊಳ್ಳಿ ನನ್ನ ಬಾಯಿ ನೋಡಿದ್ರು.

"ಎರಡೂ ಒಂದ ದಾರಿ ಹಿಡದಾವು" ಅಂದೆ ನಾನು. "ಇಳೀರಿ, ಸಂಬಂಧ ಗಟ್ಟಿ ಆತು."

ತಾಸು ಬಿಟ್ಟು ಮೂವರೂ ಲವಂಗ ಅಗಿಕೊಂತ ಮನಿಗೆ ಬಂದ್ವಿ, ತಾಂಬೂಲ ಬದಲಿಸಿದ್ರು. ಹುಡುಗಿ ನನ್ನ ಕಾಲಿಗೆ ಬಿದ್ಲು. ಪಂಕ್ತಿಗೆ ಕುಂತ್ರ ಹೋಳಿಗಿ, ಬದನಿಕಾಯಿ ಎಣಗಾಯಿ, ಎಲ್ಲಾ ಬಡಿಸಿದ್ರು. ಇಬ್ಬರೂ ಬೀಗರು ಒಂದು ತುತ್ತು ಮುಟ್ಟಲಿಲ್ಲ. ಹುಡುಗನ ತಾಯಿ ಸೆರಗಿಲೆ ಕಣ್ಣು ಒರಸಿಕೊಂಡು, "ಖುಷಿಗೆ ಹೊಟ್ಟಿ ತುಂಬಿಬಿಟ್ಟೈತಿ ನೋಡ್ರಿ" ಅಂದ್ಲು.

ನಾನೂ ಹೋಳಿಗಿ ತಿರುಗಿ ಬುಟ್ಟ್ಯಾಗ ಇಟ್ಟೆ. ನನಗೂ ಅಷ್ಟ ಖುಷಿ ಆಗಿತ್ತು.