ವಿದ್ಯುದಾವೇಶಕ್ಕೆ ಎರಡು ಉತ್ತರ

ಕುಮಟೆಯ ಹೈಸ್ಕೂಲಿನಲ್ಲಿ ವಿಜ್ಞಾನದ ಮಾಸ್ತರಿಕೆ ಖಾಲಿ ಬಿದ್ದಾಗ, ಅದು ನನಗಾಗಿಯೇ ಖಾಲಿ ಬಿದ್ದಿದೆಯೆಂದು ತಿಳಿದೆ. ಮುಂಬಯಿಯಲ್ಲಿ ಓದಿದವನಲ್ಲವೇ ನಾನು! ಕೆಲಸ ಕಾಯಂ ಆದರೆ ಮನೆ ಹಿಡಿದು, ಹೊನ್ನಾವರದ ತವರಿನಲ್ಲಿ ಕಾಯುತ್ತಿದ್ದ ಹೆಂಡತಿ ಸಾವಿತ್ರಿಯನ್ನು ಕರೆತರುವುದೆಂದು ಮಾತಾಗಿತ್ತು. ಮಾವನ ಮನೆಯಲ್ಲಿ ಅಳಿಯನ ಮರ್ಯಾದೆ ಆಗಲೇ ತೆಳ್ಳಗಾಗಿತ್ತು.

ಮೊದಲು ಒಂದು ಪಾಠ ಮಾಡಿ ತೋರಿಸಬೇಕು. ಹಿಂದಿನ ಬೆಂಚಿನಲ್ಲಿ ಹೆಡ್‌ಮಾಸ್ತರರು, ಪಕ್ಕದಲ್ಲಿ ಶಾಲಾ ಕಮಿಟಿಯ ಅಧ್ಯಕ್ಷರಾದ ಕೊಬ್ಬರಿ ವ್ಯಾಪಾರಿ ಮಂಜಯ್ಯ ಶೆಟ್ಟರು. ಬುದ್ಧಿಯಿದ್ದವನು ಸನ್ನೆಗೋಲಿನ ಪಾಠ ಮಾಡುತ್ತಿದ್ದ. ನಾನು ವಿದ್ಯುದಾವೇಶದ ಆಯಾಮ, ಅಂದರೆ ಅದು ಯಾವ ಯಾವ ಮೂಲ ಅಳತೆಗಳಿಂದ ಆದದ್ದೆಂಬ ಲೆಕ್ಕ, ಹಿಡಿದೆ. ಊರಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ನಾನೇ ತಂದುಬಿಡುವ ಉಮೇದು.

ಎಲ್ಲ ಅಳತೆಯೂ ದ್ರವ್ಯರಾಶಿ, ದೂರ, ಕಾಲ ಈ ಮೂರರಿಂದಲೇ ಆದದ್ದೆಂದು ಸಾರಿದೆ. ಶೆಟ್ಟರಿಗೂ ತಿಳಿಯಲೆಂದು ದ್ರವ್ಯರಾಶಿಯನ್ನು ತೂಕವೆಂದೆ. ಎರಡು ಆವೇಶಗಳು ಒಂದನ್ನೊಂದು ದೂಡುವ ಬಲದಿಂದ ಲೆಕ್ಕ ಹಾಕಿದಾಗ, ಬಲದ ವರ್ಗಮೂಲವನ್ನು ದೂರದಿಂದ ಗುಣಿಸಿದರೆ ಆವೇಶ ಎಂದಾಯಿತು. ಬಲದೊಳಗೆ ತೂಕವಿದೆ, ಹಾಗಾಗಿ ತೂಕದ ವರ್ಗಮೂಲವೂ ಬಂತು.

"ತಡೀರಿ ಮಾಸ್ತರ್ರೆ," ಎಂದರು ಶೆಟ್ಟರು. "ತೂಕದ ವರ್ಗಮೂಲ ಅಂದ್ರೆ ಎಂತ? ನನ್ನ ತಕ್ಕಡೀಲಿ ನಿಲ್ತದಾ?"

"ಅದು ತೂಗುವ ವಸ್ತುವಲ್ಲ."

"ತೂಗದಿದ್ದದ್ದನ್ನ ತೂಕ ಅಂದದ್ದೆಂತಕ್ಕೆ?"

ಅಲ್ಲಿಗೆ ಬಾಯಿ ಮುಚ್ಚಿದ್ದರೆ ಬದುಕುತ್ತಿದ್ದೆ. ಇನ್ನೊಂದು ದಾರಿಯಿಂದ ಅದೇ ಉತ್ತರ ತಂದು ಅವರ ಬಾಯಿ ಮುಚ್ಚಿಸಲು ಹೊರಟೆ. ಕರೆಂಟು ಹರಿಯುವ ಎರಡು ತಂತಿಗಳ ನಡುವಿನ ಬಲದಿಂದ ಲೆಕ್ಕ ಹಾಕಿದೆ. ಮೊದಲು ದೂರ ಇದ್ದ ಜಾಗದಲ್ಲಿ ಈಗ ಕಾಲ ಬಂದು ಕೂತಿತು. ಒಂದೇ ಆವೇಶಕ್ಕೆ ಬೋರ್ಡಿನ ಮೇಲೆ ಎರಡು ಉತ್ತರ ನಿಂತವು.

"ಯಾವುದು ಸರಿ?" ಎಂದರು ಹೆಡ್‌ಮಾಸ್ತರರು. ಅವರಿಗೂ ಗೊತ್ತಿರಲಿಲ್ಲ. ಆದರೆ ಅವರ ನೌಕರಿ ಕಾಯಂ.

"ಎರಡನೆಯದು ತಪ್ಪು," ಎಂದು ಒರೆಸಿದೆ. ಯಾರೂ ನಂಬಿದಂತೆ ಕಾಣಲಿಲ್ಲ. ಮೊದಲನೆಯದನ್ನೂ ಒರೆಸಿದೆ.

ಶೆಟ್ಟರು ಎದ್ದರು. "ಒಂದೇ ಮಾಲಿಗೆ ಎರಡು ಲೆಕ್ಕ ಹೇಳೋವ್ರನ್ನ ನಾನು ಅಂಗಡೀಲೂ ಇಟ್ಕೊಳೂದಿಲ್ಲ. ಆತು, ನೀವಿನ್ನು ಹೊರಡಿ."

ಕೆಲಸ ಅವರ ತಂಗಿಯ ಮಗನಿಗೆ ಹೋಯಿತು. ಅವನು ಸನ್ನೆಗೋಲಿನ ಪಾಠ ಮಾಡಿದನಂತೆ.

ಹೊನ್ನಾವರದ ಬಸ್ಸಿನಲ್ಲಿ ಕಾಲೇಜಿನ ಹಳೆಯ ಪುಸ್ತಕ ಬಿಚ್ಚಿ ನೋಡಿದೆ. ನೋಡದಿದ್ದರೇ ಚೆನ್ನಾಗಿತ್ತು.

"ಎರಡೂ ಸರೀನೇ ಇತ್ತು," ಎಂದೆ ಸಾವಿತ್ರಿಗೆ. "ಅಳೆಯುವ ಎರಡು ಬೇರೆ ಬೇರೆ ಪದ್ಧತಿ, ಅಷ್ಟೇ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ದೂರದ ಕೆಳಗೆ ಕಾಲ, ಅಂದರೆ ವೇಗ. ಅದೂ ಸಾಕ್ಷಾತ್ ಬೆಳಕಿನ ವೇಗ!"

"ಮತ್ತೆ ಒರೆಸಿದ್ದೆಂತಕ್ಕೆ?"

ಅದಕ್ಕೆ ಎರಡೂ ಪದ್ಧತಿಯಲ್ಲಿ ಉತ್ತರವಿರಲಿಲ್ಲ. ಕುಮಟೆಗೆಂದು ತುಂಬಿಟ್ಟಿದ್ದ ಟ್ರಂಕನ್ನು ಬಿಚ್ಚಿ, ಅವಳು ಸೀರೆಗಳನ್ನು ಒಂದೊಂದಾಗಿ ಹೊರಗೆ ತೆಗೆದಳು. ನನ್ನ ಮುಖ ನೋಡಲಿಲ್ಲ. ಖಾಲಿ ಟ್ರಂಕನ್ನು ಅಟ್ಟಕ್ಕೆ ಏರಿಸಲು ಮಾವ ನನ್ನನ್ನೇ ಕರೆದರು. ಆ ಮನೆಯಲ್ಲಿ ಅಂಥ ಕೆಲಸಗಳು ಅಂದಿನಿಂದ ನನಗೆ ಕಾಯಂ ಆದವು.